ಚುಕ್ಕಿ ಹುಟ್ಟುವ ಡೇರೆ

ಸೇಡಂ ಬಿಸಿಲಿನಲ್ಲಿ ನಿಂತು, ನಕ್ಷತ್ರಗಳು ಹುಟ್ಟುವುದು ಮೈ ಕೊರೆಯುವ ಚಳಿಯಲ್ಲಿ ಎಂದು ಮಕ್ಕಳಿಗೆ ಹೇಳುವುದು ನನ್ನ ನೌಕರಿಯಾಗಿತ್ತು. ಬೆವರು ಒರೆಸಿಕೊಳ್ಳುತ್ತ ನಾನು ಹೇಳಬೇಕು, ಬೆವರು ಒರೆಸಿಕೊಳ್ಳುತ್ತ ಅವರು ಕೇಳಬೇಕು. ನಂಬುತ್ತಾರೆಯೇ ಎಂದರೆ, ನಾನು ನಂಬಿಸಿದ್ದೇನೆ. ಈಗ ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರು ಫೋನು ಮಾಡಿ, ‘ಅಕ್ಕಾ, ಕೆಲಸ ಹ್ಯಾಂಗಿರ್ತದ?’ ಎಂದು ಕೇಳುತ್ತಾರೆ. ನೇಮಕಾತಿ ಆದೇಶದಲ್ಲಿ ಇರುವುದನ್ನು ನೀವೇ ಓದಿಕೊಂಡಿರುತ್ತೀರಿ. ಅದರಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ. ಬಡ್ತಿಯ ಕಥೆ ಮಾತ್ರ ಕೇಳಬೇಡಿ. ಸಿಕ್ಕಿದ್ದು ಒಂದೇ ಒಂದು, ಅದರಿಂದ ಬದಲಾದದ್ದು ಕಚೇರಿಯ ಕುರ್ಚಿಯ ಗಾದಿ ಅಷ್ಟೇ.

ನಾನು ಸಂಚಾರಿ ತಾರಾಲಯದ ವಿವರಣೆಗಾರ್ತಿ. ಹೆಸರು ದೊಡ್ಡದು, ಸಾಮಾನು ಸಣ್ಣದು. ಒಂದು ವ್ಯಾನು, ಕಪ್ಪು ಬಟ್ಟೆಯ ಒಂದು ಗುಮ್ಮಟ, ಅದರೊಳಗೆ ಗಾಳಿ ತುಂಬುವ ಬ್ಲೋವರ್, ಆಕಾಶದ ಚಿತ್ರ ಬೀರುವ ಒಂದು ಯಂತ್ರ. ಶಾಲೆಯ ದೊಡ್ಡ ಕೋಣೆಯಲ್ಲಿ ಬಟ್ಟೆ ಹಾಸಿ ಬ್ಲೋವರ್ ಚಾಲು ಮಾಡಿದರೆ ಗುಮ್ಮಟ ತಾನಾಗಿ ಏಳುತ್ತದೆ. ಕಂಬವಿಲ್ಲ, ಹಗ್ಗವಿಲ್ಲ, ಒಳಗಿನ ಗಾಳಿಯೇ ಅದನ್ನು ಎತ್ತಿ ಹಿಡಿಯಬೇಕು. ಮಕ್ಕಳು ಬಗ್ಗಿ ಒಳಗೆ ಹೋಗಿ ಅಂಗಾತ ಮಲಗಿದರೆ ನಡು ಮಧ್ಯಾಹ್ನದಲ್ಲಿ ತಲೆಯ ಮೇಲೆ ಚುಕ್ಕಿಗಳು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಇಷ್ಟು ನಮ್ಮ ಸೀಮೆ. ವ್ಯಾನು ಓಡಿಸುವವರು ಮೌಲಾಸಾಬ್. ಗಾಡಿ, ಬ್ಲೋವರ್, ವೈರು, ನನ್ನ ಊಟ, ಎಲ್ಲದರ ಉಸ್ತುವಾರಿಯೂ ಅವರದೇ.

ನಮ್ಮದು ಕಾಗಿಣಾ ನದಿಯ ದಂಡೆಯ ಮನೆತನ. ಅಪ್ಪ ಬಲೆ ಬೀಸಿ ನಮ್ಮನ್ನು ಓದಿಸಿದರು. ಬಿ.ಎಸ್ಸಿ. ಮುಗಿಸಿ ಈ ಕೆಲಸಕ್ಕೆ ಸೇರಿದಾಗ ಅವ್ವ ನನ್ನ ಸಾಮಾನನ್ನೆಲ್ಲ ಒಂದು ಸಲ ನೋಡಿ, ‘ಇಷ್ಟ್ ಓದಿ ಡೇರೆ ಹಾಕೋ ನೌಕರಿ ಹಿಡದೇನವ್ವಾ? ನಾಟಕ ಕಂಪನಿ ಸೇರಿದ್ರ ಚಂದ ಚಂದ ಸೀರಿಯಾರ ಉಡ್ತಿದ್ದಿ’ ಎಂದಳು. ಊರೂರಲ್ಲಿ ನನಗೆ ‘ಡೇರೆ ಬಾಯಿ’, ಅಂದರೆ ಡೇರೆಯ ಅಮ್ಮಾವ್ರು, ಎಂದೇ ಹೆಸರಾಯಿತು. ಮೊದಮೊದಲು ಕಸಿವಿಸಿಯಾಗುತ್ತಿತ್ತು. ಆಮೇಲೆ ಯಾವುದಾದರೂ ಊರಿನಲ್ಲಿ ಹಾಗೆ ಕರೆಯದಿದ್ದರೆ ನಾನೇ ಹೇಳಿಕೊಡುತ್ತಿದ್ದೆ.

ನನ್ನ ಆಟಕ್ಕೆ, ಅಂದರೆ ಡೇರೆಯೊಳಗಿನ ಪ್ರದರ್ಶನಕ್ಕೆ, ವಿಷಯ ಹೇಗೆ ಸಿಕ್ಕಿತು ಎಂಬುದನ್ನು ಮೊದಲು ಹೇಳಬೇಕು. ಆಗ ಸ್ಲೈಡ್ ಪ್ರೊಜೆಕ್ಟರ್ ಕಾಲ. ಒಂದೊಂದೇ ಚಿತ್ರವನ್ನು ಕೈಯಿಂದ ತಳ್ಳಬೇಕು, ಯಂತ್ರ ಕಾದರೆ ಸ್ಲೈಡು ಸೊಟ್ಟಗಾಗಿ ಶನಿಗ್ರಹ ಬದನೆಕಾಯಿಯ ಹಾಗೆ ಕಾಣುತ್ತಿತ್ತು. ಸೇಡಂ ಹತ್ತಿರದ ಮುಧೋಳದ ಶಾಲೆಯಲ್ಲಿ ಆಟ ನಡೆದಿತ್ತು. ಮೊಮ್ಮಗಳ ಜೊತೆ ಒಬ್ಬ ಅಜ್ಜ ಒಳಗೆ ನುಸುಳಿ ಬಾಗಿಲ ಹತ್ತಿರ ಕೂತಿದ್ದರು. ಹೊಲಮನೆಯ ಮನುಷ್ಯ, ತಲೆಗೆ ರುಮಾಲು. ಆಕಾಶಗಂಗೆಯ ಚಿತ್ರ ಬಂದಾಗ ನಾನು ಕೋಲು ಹಿಡಿದು ಹೊಳೆಯುವ ಚುಕ್ಕಿಗಳನ್ನು ತೋರಿಸುತ್ತಿದ್ದೆ. ಅಜ್ಜ ನಡುವೆ ಬಾಯಿ ಹಾಕಿದರು.

‘ಬಾಯಿ, ಇಷ್ಟ್ ಬೆಳಕಿನ ನಡುವ ಈ ಕರಿ ಜಾಗಾ ಯಾಕ ಖಾಲಿ ಬಿಟ್ಟಾರ?’

‘ಖಾಲಿ ಅಲ್ಲರಿ ಅಜ್ಜಾ. ತುಂಬ್ಯಾದ ಅಂತೇ ಕರ್ರಗ ಕಾಣ್ತದ.’

‘ತುಂಬಿದ್ದು ಕರ್ರಗ ಹ್ಯಾಂಗ ಕಾಣ್ತದವ್ವಾ?’

‘ಕೋಡ್ಲಾ ಕಚ್ಚಾ ರಸ್ತೆದಾಗ ಲಾರಿ ಹೋದ ಮ್ಯಾಲ ಆಚಿ ಕಡಿ ಮನಿ ದೀಪ ಕಾಣ್ತಾವೇನ್ರಿ?’

ಅಜ್ಜ, ‘ಇಲ್ಲ. ಧೂಳ ಅಡ್ಡ ಬರ್ತದ’ ಎಂದರು. ‘ಅಲ್ಲೂ ಅದೇ ಆಗ್ಯಾದರಿ’ ಎಂದೆ.

ಅವರಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಇಷ್ಟು ದಿನ ಎಲ್ಲರೂ ತೋರಿಸುವುದನ್ನೇ ತೋರಿಸುತ್ತಿದ್ದೆನಲ್ಲ ಎನಿಸಿತು. ಆ ಕಪ್ಪು ಜಾಗಗಳಲ್ಲಿ ಇರುವುದು ಅನಿಲದ ಮೋಡ, ಹೆಚ್ಚಿನ ಪಾಲು ಹೈಡ್ರೋಜನ್ ಅಣುಗಳು, ಚಿಟಿಕೆಯಷ್ಟು ಧೂಳು. ನಮ್ಮ ಫ್ರಿಜ್ಜಿನ ಬರ್ಫ ಅಲ್ಲಿಯ ಚಳಿಯ ಮುಂದೆ ಕುದಿಯುವ ಚಹಾ. ಆ ಮೋಡ ಎಲ್ಲ ಕಡೆಯೂ ಒಂದೇ ಸಮ ಇರುವುದಿಲ್ಲ. ಅಲ್ಲಲ್ಲಿ ಗಂಟುಗಳಿರುತ್ತವೆ, ಸುತ್ತಲಿಗಿಂತ ದಟ್ಟವಾದ ಗಂಟುಗಳು. ನಕ್ಷತ್ರಗಳು ಹುಟ್ಟುವುದು ಆ ಗಂಟುಗಳಲ್ಲಿ. ಮುಧೋಳದಿಂದ ವಾಪಸು ಬರುವಾಗ ವ್ಯಾನಿನಲ್ಲೇ ನಿರ್ಧಾರ ಮಾಡಿದೆ. ಗ್ರಹಗಳನ್ನು ಬೇಕಾದವರು ತೋರಿಸಲಿ, ನಾನು ತೋರಿಸುವುದು ಕಪ್ಪು ಗಂಟು ಚುಕ್ಕಿಯಾಗುವ ಕಥೆ. ಅದನ್ನು ಕೇಳಿ ಮೌಲಾಸಾಬ್, ‘ಕಾಣೋದು ಬಿಟ್ಟು ಕಾಣಲಾರದ್ದು ತೋರಸ್ತೀರೇನು? ಚಲೋ ಧಂಧಾ ಹಿಡದ್ರಿ ಅಕ್ಕಾ’ ಎಂದು ಗೇರು ಬದಲಿಸಿದರು.

ತೋರಿಸುವುದು ಹೇಗೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಗಂಟಿನೊಳಗೆ ಒಂದು ಜಗ್ಗಾಟ ನಡೆದಿರುತ್ತದೆ. ಅನಿಲದ ತನ್ನದೇ ಭಾರ ಅದನ್ನು ಒಳಗೆ ಎಳೆಯುತ್ತದೆ, ಅನಿಲದ ಬಿಸಿ ಅದನ್ನು ಹೊರಗೆ ನೂಕುತ್ತದೆ. ಬಿಸಿ ಎಂದರೆ ಅಣುಗಳ ಓಡಾಟ. ಓಡಾಟ ಕಡಿಮೆಯಾದಷ್ಟು ನೂಕುವ ಬಲ ಕಡಿಮೆ. ಆದ್ದರಿಂದಲೇ ಚಳಿ ಬೇಕು. ಬಾಯಿಂದ ಹೇಳಿದರೆ ಮಕ್ಕಳು ಆಕಳಿಸುತ್ತಿದ್ದರು. ಅದನ್ನು ಕೊನೆಗೆ ಬಿಡಿಸಿಕೊಟ್ಟದ್ದು ಚಿಂಚೋಳಿಯ ಆಡುಗಳು.

ಚಿಂಚೋಳಿಯ ಒಂದು ಹಾಸ್ಟೆಲಿನಲ್ಲಿ ಡೇರೆ ಹಾಕಿದ್ದೆವು. ವೈರನ್ನು ಕಿಟಕಿಯಿಂದ ಹೊರಗೆ ತೆಗೆದು ಪಕ್ಕದ ಕೋಣೆಯ ಪ್ಲಗ್ಗಿಗೆ ಹಾಕಿದ್ದೆವು. ಯಾರದೋ ಆಡಿನ ಹಿಂಡು ಅಂಗಳ ದಾಟುವಾಗ ಒಂದರ ಕಾಲಿಗೆ ವೈರು ಸಿಕ್ಕಿತು, ಪ್ಲಗ್ಗು ಕಿತ್ತು ಬಂತು. ಬ್ಲೋವರ್ ನಿಂತಿತು, ಚುಕ್ಕಿಗಳೆಲ್ಲ ಹೋದವು. ಹೊಸಬರಿಗೆ ಒಂದು ಮಾತು: ಬ್ಲೋವರ್ ನಿಂತರೆ ಗುಮ್ಮಟ ಧೊಪ್ಪನೆ ಬೀಳುವುದಿಲ್ಲ, ಮೆಲ್ಲಗೆ ಇಳಿಯುತ್ತದೆ. ಹಗುರ ಬಟ್ಟೆ, ಯಾರಿಗೂ ಪೆಟ್ಟಾಗುವುದಿಲ್ಲ. ಪೆಟ್ಟಾಗುವುದು ಮಕ್ಕಳು ಹೆದರಿ ಒಬ್ಬರ ಮೇಲೊಬ್ಬರು ಬಿದ್ದು ಓಡಿದರೆ. ಕತ್ತಲಲ್ಲಿ ಒಂದು ಹುಡುಗಿ ಚೀರಿದಳು. ನನ್ನ ಬಾಯಿ ತಾನಾಗಿ ಮಾತಾಡಿತು.

‘ಯಾರೂ ಏಳಬ್ಯಾಡ್ರಿ, ಮಲ್ಕೊಂಡೇ ಇರ್ರಿ! ಈಗ ಚುಕ್ಕಿ ಹುಟ್ಟಲಿಕತ್ತದ. ಇಷ್ಟೊತ್ತು ಒಳಗಿನ ಗಾಳಿ ಡೇರೆಕ್ಕ ಮ್ಯಾಲ ನೂಕ್ತಿತ್ತು. ಈಗ ಗಾಳಿ ಸೋತದ, ಡೇರೆದ ಭಾರ ಗೆದ್ದದ. ಗಂಟು ಕುಗ್ಗಲಿಕತ್ತದ. ಕೈ ಎತ್ತಿ ನೋಡ್ರಿ, ಮುಟ್ತದೇನು?’

ಕತ್ತಲಲ್ಲಿ ಕೈಗಳು ಎದ್ದವು. ಬಟ್ಟೆ ಬೆರಳಿಗೆ ತಾಗುತ್ತಲೇ ಒಂದು ಮೂಲೆಯಿಂದ ನಗು ಶುರುವಾಗಿ ಡೇರೆ ತುಂಬ ಹರಡಿತು. ಮೌಲಾಸಾಬ್ ಓಡಿ ಹೋಗಿ ಪ್ಲಗ್ಗು ಹಾಕಿದಾಗ ಮಕ್ಕಳಿಗೆ ಸಿಟ್ಟು ಬಂತು. ‘ಇನ್ನೊಮ್ಮಿ ಬೀಳಸ್ರಿ!’ ಎಂದು ಗಂಟುಬಿದ್ದರು.

ಅಂದಿನಿಂದ ಅದು ನನ್ನ ಆಟದ ಭಾಗವಾಯಿತು. ನಾನು ಕೆಮ್ಮಿದರೆ ಮೌಲಾಸಾಬ್ ಬ್ಲೋವರ್ ಬಂದ್ ಮಾಡಬೇಕು, ಚಪ್ಪಾಳೆ ಹೊಡೆದರೆ ಚಾಲು ಮಾಡಬೇಕು. ಒಂದು ಸಲ ನನಗೆ ನಿಜವಾಗಿ ನೆಗಡಿಯಾಗಿದ್ದಾಗ ಆದಿತ್ಯನಗರದ ಶಾಲೆಯಲ್ಲಿ ಡೇರೆ ಏಳುತ್ತ ಬೀಳುತ್ತ ಇದ್ದದ್ದನ್ನು ಅವರು ಇಂದಿಗೂ ಹೇಳಿ ನಗುತ್ತಾರೆ. ‘ಡೇರೆ ಬೀಳೋ ಆಟ’ ನಮ್ಮೂರಲ್ಲೂ ಆಗಲಿ ಎಂದು ಶಾಲೆಗಳಿಂದ ಬೇಡಿಕೆ ಬರತೊಡಗಿತು. ನನಗೆ ಕೋಡು ಮೂಡಿದ್ದು ಸುಳ್ಳಲ್ಲ, ಆ ಕೋಡು ಇನ್ನೂ ಇದೆ.

ಆಮೇಲೆ ದೇಶಪಾಂಡೆ ಸಾಹೇಬರು ಬಂದರು. ಕಲಬುರಗಿ ಕಚೇರಿಯಲ್ಲಿ ನಮ್ಮ ಹೊಸ ಮೇಲಧಿಕಾರಿ, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ., ಬಿಳಿ ಅಂಗಿ, ಅದಕ್ಕಿಂತ ಬಿಳಿ ಕರವಸ್ತ್ರ. ಶಹಾಬಾದಿನ ಒಂದು ಶಾಲೆಗೆ ಹೇಳದೆ ಕೇಳದೆ ಬಂದು ಕತ್ತಲಲ್ಲಿ ಹಿಂದೆ ಕೂತಿದ್ದಾರೆ. ನನಗೆ ಗೊತ್ತಿಲ್ಲ. ನಾನು ಕೆಮ್ಮಿದೆ. ಡೇರೆ ಇಳಿದು ಮೊದಲು ತಾಗಿದ್ದು ಸಾಹೇಬರ ಬೋಳು ತಲೆಗೆ, ಯಾಕೆಂದರೆ ಮಲಗದೆ ಕೂತವರು ಅವರೊಬ್ಬರೇ.

ಹೊರಗೆ ಬಂದು ಅಂಗಿ ಝಾಡಿಸಿಕೊಂಡರು. ಕೂಗಾಡುತ್ತಾರೆ ಎಂದುಕೊಂಡೆ, ಕೂಗಾಡಲಿಲ್ಲ. ‘ಎರಡು ಮಾತು ಹೇಳ್ತೀನಿ’ ಎಂದರು. ‘ಒಂದು, ಒಳಗ ಯಾವುದಾದ್ರೂ ಕೂಸಿಗಿ ಉಸಿರಾಟದ ತ್ರಾಸ ಇದ್ರ ಜವಾಬ್ದಾರಿ ಯಾರದು? ಇನ್ನ ಮ್ಯಾಲ ಡೇರೆ ಇಳಸೋದು ಬಂದ್. ಎರಡು, ನೀವು ಕುಗ್ಗಿದ ಕೂಡಲೇ ಬಿಸಿ ಆಗ್ತದ ಅಂದ್ರಿ. ಹಂಗಾದ್ರ ಆ ಬಿಸಿ ಮತ್ತ ಹೊರಗ ನೂಕ್ತದ, ಕುಗ್ಗೋದು ಅಲ್ಲೇ ನಿಲ್ತದ. ನಿಮ್ಮ ಚುಕ್ಕಿ ಹುಟ್ಟೋದೇ ಇಲ್ಲ.’

‘ಮತ್ತ ಹ್ಯಾಂಗ ಹುಟ್ತದರಿ?’

‘ಮೊದಲು ಬಿಸಿ ಹೊರಗ ಹೋಗಬೇಕು. ಅಲ್ಲಿರೋ ಅಣುಗಳು, ಧೂಳಿನ ಕಣಗಳು ಅದನ್ನ ಕಣ್ಣಿಗಿ ಕಾಣಲಾರದ ಕಿರಣ ಮಾಡಿ ಹೊರಗ ಬಿಡ್ತಾವ. ಅದಕ್ಕೇ ಗಂಟು ತಣ್ಣಗಿದ್ದೇ ಕುಗ್ತದ. ಭಾಳ ಕುಗ್ಗಿ ನಡುವ ದಟ್ಟ ಆದ ಮ್ಯಾಲ ಆ ಕಿರಣಕ್ಕ ಹೊರಗ ಹೋಗಲಿಕ್ಕಿ ದಾರಿ ಸಿಗಂಗಿಲ್ಲ. ಅಲ್ಲಿಂದ ಬಿಸಿ ಏರ್ತದ.’

ಎರಡೂ ಮಾತು ಸರಿಯಾಗಿದ್ದವು. ಅದೇ ನನಗೆ ಸಿಟ್ಟು ತಂದದ್ದು. ಆ ಸಂಜೆ ಶಹಾಬಾದಿನಲ್ಲೇ ಚಿಕ್ಕಮ್ಮನ ಮನೆಗೆ ಹೋದೆ. ಅಲ್ಲಿಯ ಮನೆಗಳನ್ನು ಬಲ್ಲವರಿಗೆ ಗೊತ್ತು, ನೆಲ, ಗೋಡೆ, ಮಾಳಿಗೆ ಎಲ್ಲ ಫರಸಿ ಕಲ್ಲು. ಹೊತ್ತು ಮುಳುಗಿತ್ತು, ಆದರೂ ಒಳಗೆ ಕೂರಲಾಗುತ್ತಿರಲಿಲ್ಲ. ‘ಹೊರಗ ಬಾರವ್ವಾ, ಫರಸಿ ಈಗ ಬಿಸಿಲು ಕಕ್ಕಲಿಕತ್ತದ’ ಎಂದಳು ಚಿಕ್ಕಮ್ಮ. ನಾನು ಗೋಡೆಗೆ ಕೈ ತಾಗಿಸದೆ ಹತ್ತಿರ ಹಿಡಿದೆ. ಅಂಗೈಗೆ ಬಿಸಿ ಹತ್ತಿತು. ಬೆಳಕಿಲ್ಲ, ಬೆಂಕಿಯಿಲ್ಲ, ಕಲ್ಲು ಕಣ್ಣಿಗೆ ಕಾಣದಂತೆ ತನ್ನ ಬಿಸಿಯನ್ನು ಹೊರಗೆ ಕಳಿಸುತ್ತಿತ್ತು. ಸಾಹೇಬರು ಹೇಳಿದ್ದು ಅದನ್ನೇ. ಮರುದಿನದಿಂದ ನನ್ನ ವಿವರಣೆಯಲ್ಲಿ ಫರಸಿ ಬಂತು. ಕಪ್ಪು ಗಂಟುಗಳು ಅಲ್ಲಿವೆ ಎಂದು ವಿಜ್ಞಾನಿಗಳು ಕಂಡುಹಿಡಿಯುವುದೂ ಅವು ಕಕ್ಕುವ ಇಂಥ ಕಾಣದ ಕಿರಣಗಳನ್ನು ದೊಡ್ಡ ದೊಡ್ಡ ಆಂಟೆನಾಗಳಲ್ಲಿ ಹಿಡಿದೇ ಎಂದು ಹೇಳಿದರೆ ಈ ಸೀಮೆಯ ಯಾವ ಮಗುವೂ ಇಲ್ಲವೆನ್ನುತ್ತಿರಲಿಲ್ಲ. ಸಾಹೇಬರಿಗೆ ಹೇಳಿದಾಗ, ‘ಇದು ಬರೋಬರಿ’ ಎಂದರು. ಅವರ ಬಾಯಲ್ಲಿ ಅಷ್ಟು ಬಂದರೆ ಶಾಲು ಹೊದಿಸಿದ ಹಾಗೆ.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಯಿತು. ಸ್ಲೈಡು ಹೋಗಿ ಕಂಪ್ಯೂಟರು ಬಂತು, ಒಂದೇ ಮಸೂರದಿಂದ ಇಡೀ ಗುಮ್ಮಟ ತುಂಬುವ ಚಿತ್ರ ಬಂತು. ಅದರ ಬೆನ್ನಿಗೇ ಹಾರ್ಡ್ ಡಿಸ್ಕಿನಲ್ಲಿ ತಯಾರಾದ ಫಿಲ್ಮುಗಳು ಬಂದವು. ನಕ್ಷತ್ರಗಳ ಹುಟ್ಟಿನ ಮೇಲೂ ಒಂದಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ಕೆಂಪು ನೀಲಿ ಮೋಡಗಳು, ವಯೊಲಿನ್ನು, ಜೇನಿನಂಥ ದನಿ. ಡಿಸ್ಕಿನ ಜೊತೆ ಮೇಲಿನಿಂದ ಒಂದು ಸೂಚನೆಯೂ ಬಂತು. ಇನ್ನು ಬಾಯಿಂದ ವಿವರಿಸುವವರು ಬೇಡ, ಗುಂಡಿ ಒತ್ತಲು ಒಬ್ಬರು ಸಾಕು, ವಿವರಣೆಗಾರರನ್ನು ಕಚೇರಿಯ ಉಗ್ರಾಣಕ್ಕೆ ಹಾಕಿರಿ.

ನನ್ನ ಸಂಬಳಕ್ಕೆ ಏನೂ ಆಗುತ್ತಿರಲಿಲ್ಲ. ಆದರೂ ಆ ದಿನ ಊಟ ಸೇರಲಿಲ್ಲ. ನನ್ನ ಬಾಯಿಯೇ ನನ್ನ ಕೆಲಸ, ಅದನ್ನು ಮುಚ್ಚಿ ಪೆಟ್ಟಿಗೆಗಳನ್ನು ಎಣಿಸುತ್ತ ಕೂರು ಎಂದರೆ ಹೇಗೆ ಕೂರುವುದು? ನೇರವಾಗಿ ಸಾಹೇಬರ ಕೋಣೆಗೆ ಹೋದೆ.

‘ಸರ್, ಫಿಲ್ಮ್ ಚಲೋ ಅದ. ಆದ್ರ ಮಕ್ಕಳಿಗಿ ತಿಳೀತೋ ಇಲ್ಲೋ ಅಂತ ಫಿಲ್ಮಿಗಿ ಗೊತ್ತಾಗಂಗಿಲ್ಲ.’

‘ನಿಮಗ ಗೊತ್ತಾಗ್ತದೇನು?’

‘ನನಗ ಗೊತ್ತಾಗ್ತದ. ಒಂದು ಶಾಲ್ಯಾಗ ಎರಡೂ ನೋಡ್ರಿ. ಮೊದಲು ಫಿಲ್ಮ್, ಆಮ್ಯಾಲ ನಾನು. ನೋಡಿ ಬೇಕಾದ್ರ ಉಗ್ರಾಣಕ್ಕ ಹಾಕ್ರಿ.’

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ‘ವಾಡಿದಾಗ ನೋಡೋಣ. ಆದ್ರ ಡೇರೆ ಇಳಸಂಗಿಲ್ಲ.’

ವಾಡಿಯ ಆ ಪ್ರೌಢಶಾಲೆಯಲ್ಲಿ ಓದುವವರು ಹೆಚ್ಚಾಗಿ ಸಿಮೆಂಟ್ ಕೆಲಸಗಾರರ ಮಕ್ಕಳು. ಮೌಲಾಸಾಬ್ ಬೆಳಿಗ್ಗೆಯಿಂದ ನನ್ನ ಮುಖ ನೋಡದೆ ವೈರು ಸುತ್ತುತ್ತ ಬಿಚ್ಚುತ್ತ ಇದ್ದರು. ಫಿಲ್ಮು ನಡೆಯಿತು. ಒಳಗೆ ಪಿಟ್ಟೆಂದರೆ ಪಿಟ್ಟಿಲ್ಲ. ಮುಗಿದಾಗ ಜೋರು ಚಪ್ಪಾಳೆ. ಆ ಚಪ್ಪಾಳೆ ಕೇಳಿ ನಾನು ಉಗ್ರಾಣದ ಪೆಟ್ಟಿಗೆಗಳನ್ನು ನೆನೆಸಿಕೊಂಡೆ.

ಹೊರಗೆ ಸಾಲಾಗಿ ಕೂರಿಸಿ ಸಾಹೇಬರು ಕೇಳಿದರು, ‘ಹೇಳ್ರಿ, ನಕ್ಷತ್ರದಾಗ ಬೆಂಕಿ ಎಲ್ಲಿಂದ ಬಂತು?’

‘ಲೈಟಪ್ ಮಾಡ್ತಾರ್ರಿ!’ ಇಡೀ ಸಾಲು ಒಂದೇ ದನಿಯಲ್ಲಿ ಕೂಗಿತು.

ಸಾಹೇಬರಿಗೆ ಅರ್ಥವಾಗಲಿಲ್ಲ. ರೇಣುಕಾ ಎಂಬ ಹುಡುಗಿ ಎದ್ದು ಬಿಡಿಸಿ ಹೇಳಿದಳು. ಅವಳ ಅಪ್ಪ ಕಾರ್ಖಾನೆಯ ಸುಣ್ಣಕಲ್ಲು ಸುಡುವ ಕಿಲನ್ ಮೇಲೆ ಕೆಲಸ ಮಾಡುವವರು. ‘ಕಿಲನ್ ಬಂದ್ ಮಾಡಿ ಮತ್ತ ಚಾಲು ಮಾಡಬೇಕಾದ್ರ ಮೊದಲು ಬೆಂಕಿ ಹಚ್ಚಬೇಕ್ರಿ ಸರ್. ಅದಕ್ಕ ಲೈಟಪ್ ಅಂತಾರ. ಹಚ್ಚಲಾರದೆ ಕಿಲನ್ ಹತ್ತಂಗಿಲ್ಲ. ಫಿಲ್ಮಿನಾಗೂ ಮೋಡ ಮೊದಲೇ ಕೆಂಪಗ ಇತ್ತಲ್ರಿ, ಯಾರೋ ಹಚ್ಚಿದ್ರು.’

‘ಯಾರು?’

‘ದೇವರು’ ಎಂದಿತು ಒಂದು ದನಿ. ‘ಶಿಫ್ಟ್ ಇಂಜಿನಿಯರ್’ ಎಂದಿತು ಇನ್ನೊಂದು. ಸಾಹೇಬರು ನಗಲಿಲ್ಲ. ನನ್ನ ಕಡೆ ತಿರುಗಿ, ‘ಈಗ ನೀವು’ ಎಂದರು.

ಡೇರೆ ಇಳಿಸಬಾರದು ಎಂದಿದ್ದರೇ ಹೊರತು ಡೇರೆಯೊಳಗೇ ಹೇಳಬೇಕು ಎಂದಿರಲಿಲ್ಲ. ಮಕ್ಕಳನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಅಲ್ಲೊಬ್ಬರು ಇಲ್ಲೊಬ್ಬರು ಚದುರಿ ನಿಲ್ಲಿಸಿದೆ. ‘ನೀವೆಲ್ಲ ಈಗ ಅನಿಲದ ಅಣುಗಳು. ಒಂದೇ ಕಾನೂನು. ಯಾವ ಕಡಿ ಜಾಸ್ತಿ ಮಂದಿ ಅದಾರೋ ಆ ಕಡಿ ಸರೀಬೇಕು. ಆದ್ರ ಮೊದಲು ಜೋರು ಓಡ್ಯಾಡ್ರಿ, ಯಾಕಂದ್ರ ಈಗ ಭಾಳ ಬಿಸಿ ಅದ.’

ಓಡಾಡಿದರು. ಗುಂಪು ಕಟ್ಟಲು ಆಗಲಿಲ್ಲ. ಹತ್ತಿರ ಬಂದವರು ಢಿಕ್ಕಿ ಹೊಡೆದು ಮತ್ತೆ ದೂರ ಹೋಗುತ್ತಿದ್ದರು. ‘ಈಗ ಫರಸಿ ಬಿಸಿಲು ಕಕ್ಕಿದಂಗ ನಿಮ್ಮ ಬಿಸಿ ಹೊರಗ ಹೋಯ್ತು. ಚಳಿ ಬಂತು. ಸಾವಕಾಶ ನಡೀರಿ’ ಎಂದೆ. ಸಾವಕಾಶ ನಡೆದರು. ಅಲ್ಲಲ್ಲಿ ಗುಂಪುಗಳು ಹುಟ್ಟಿದವು, ಒಂದಲ್ಲ, ಮೂರು ನಾಲ್ಕು. ಒಂದು ಮೋಡದಲ್ಲಿ ಗಂಟುಗಳು ಹಲವಾಗುವುದು ಹೀಗೇ, ನಕ್ಷತ್ರಗಳು ಒಂಟಿಯಾಗಿ ಹುಟ್ಟುವುದು ಕಡಿಮೆ. ಎಲ್ಲಕ್ಕಿಂತ ದೊಡ್ಡ ಗುಂಪಿಗೆ ಅಕ್ಕಪಕ್ಕದವರು ಬಂದು ಬಂದು ಸೇರಿದರು. ಒತ್ತಿದರು, ಇನ್ನೂ ಒತ್ತಿದರು. ರೇಣುಕಾ ನಟ್ಟನಡುವೆ ಸಿಕ್ಕಿಕೊಂಡಿದ್ದಳು.

‘ನಡುವ ಇದ್ದವರಿಗಿ ಹ್ಯಾಂಗಾಗ್ಲಿಕತ್ತದ?’

‘ಭಾಳ ಸೆಕಿ ಆಗ್ಲಿಕತ್ತದ್ರಿ!’

‘ಅಲ್ಲಿ ಬೆಂಕಿ ಯಾರ ಹಚ್ಚ್ಯಾರ?’

ಉತ್ತರಕ್ಕೆ ನಾನು ಅವಸರ ಮಾಡಲಿಲ್ಲ. ಎಲ್ಲರನ್ನೂ ಬಿಡಿಸಿ, ವ್ಯಾನಿನಲ್ಲಿದ್ದ ಮೌಲಾಸಾಬರ ಸೈಕಲ್ ಪಂಪು ತರಿಸಿದೆ. ತುದಿಗೆ ಬೆರಳು ಒತ್ತಿ ಹಿಡಿದು ಜೋರಾಗಿ ಹೊಡೆದೆ, ಪಂಪಿನ ತಳ ಮುಟ್ಟಿ ನೋಡಲು ಹೇಳಿದೆ. ಮುಟ್ಟಿ ಮುಟ್ಟಿ ಕೈ ಹಿಂದೆ ತೆಗೆದರು. ಗಾಳಿಯನ್ನು ಒತ್ತಿದರೆ ಸಾಕು, ಅದು ಕಾಯುತ್ತದೆ. ಆಮೇಲೆ ಇಬ್ಬರು ಹುಡುಗಿಯರಿಂದ ಫುಗಡಿ ಆಡಿಸಿದೆ. ಕೈ ಕೈ ಹಿಡಿದು, ಹಿಂದಕ್ಕೆ ಬಾಗಿ, ಗಿರಗಿರ ತಿರುಗುವ ಆಟ. ದೂರ ಬಾಗಿದ್ದಾಗ ನಿಧಾನ, ಮೈ ಹತ್ತಿರ ತಂದ ಕೂಡಲೇ ವೇಗ. ಗಂಟು ಕುಗ್ಗುತ್ತ ಹೋದ ಹಾಗೆ ಅದರ ತಿರುಗಾಟವೂ ಹೀಗೇ ಜೋರಾಗುತ್ತದೆ, ಉಳಿದ ಅನಿಲ, ಧೂಳು ಅದರ ಸುತ್ತ ತಟ್ಟೆಯಾಗಿ ಹರಡುತ್ತದೆ, ನಮ್ಮ ಭೂಮಿ ಆದದ್ದು ಅಂಥ ತಟ್ಟೆಯಲ್ಲಿ ಎಂದೆ. ನಡುವಿನ ಗಂಟು ಮಾತ್ರ ಒತ್ತುತ್ತಲೇ ಹೋಗುತ್ತದೆ. ಬಿಸಿ ಏರುತ್ತ ಏರುತ್ತ ಒಂದು ಹಂತದಲ್ಲಿ ಹೈಡ್ರೋಜನ್ ಹೈಡ್ರೋಜನ್ ಬೆಸೆದುಕೊಳ್ಳತೊಡಗುತ್ತದೆ. ಅಂದು ಚುಕ್ಕಿ ಹತ್ತಿತು ಎಂದು ಅರ್ಥ.

ನಾನು ಹೇಳುವುದು ಮುಗಿಯಿತು. ಈ ಸಲ ಚಪ್ಪಾಳೆ ಬರಲಿಲ್ಲ. ಮಕ್ಕಳು ಪಂಪನ್ನು ಒಬ್ಬರ ಕೈಯಿಂದೊಬ್ಬರು ಕಸಿದುಕೊಂಡು ಹೊಡೆಯುತ್ತಿದ್ದರು. ಸಾಹೇಬರು ಮರದ ಕಟ್ಟೆಯಿಂದ ಎದ್ದು ಬಂದು, ತಮ್ಮ ಹಳೆಯ ಪ್ರಶ್ನೆಯನ್ನು ರೇಣುಕಾಳಿಗೇ ಕೇಳಿದರು.

‘ಈಗ ಹೇಳವ್ವಾ. ಚುಕ್ಕಿಗಿ ಬೆಂಕಿ ಯಾರು ಹಚ್ಚಿದ್ರು?’

ಅವಳು ನನ್ನ ಕಡೆ ನೋಡಲಿಲ್ಲ, ಪಂಪಿನ ಕಡೆ ನೋಡಲಿಲ್ಲ. ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡಳು.

‘ಯಾರೂ ಹಚ್ಚಿಲ್ರಿ ಸರ್. ತನ್ನ ಭಾರಕ್ಕ ತಾನೇ ಹತ್ಯಾದ.’

ನಾನು ಅಷ್ಟು ಹೊತ್ತು ಹೇಳಿದ್ದರಲ್ಲಿ ಆ ವಾಕ್ಯ ಇರಲಿಲ್ಲ. ಫಿಲ್ಮಿನಲ್ಲಿ ಇರಲಿಲ್ಲ, ನಾನು ಓದಿದ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ನನಗೆ ಕಣ್ಣು ತುಂಬಿ ಬಂದವು. ಬಿಸಿಲಿಗೆ ಎಂದು ಯಾರಾದರೂ ತಿಳಿದುಕೊಳ್ಳಲಿ ಎಂದು ಸೆರಗಿನಿಂದ ಮುಖವನ್ನೆಲ್ಲ ಒರೆಸಿಕೊಂಡೆ. ಸಾಹೇಬರು ನನ್ನನ್ನು ಬಿಟ್ಟು ಮೌಲಾಸಾಬರನ್ನು ಕೇಳಿದರು.

‘ನಾಳಿ ಆಟ ಎಲ್ಲಿ ಅದ?’

‘ಚಿತ್ತಾಪುರದಾಗ್ರಿ ಸಾಹೇಬ್ರ.’

‘ಮೊದಲು ಫಿಲ್ಮ್ ಹಾಕು. ಆಮ್ಯಾಲ ಅಕ್ಕೋರು ಹೇಳ್ತಾರ. ನಾನೂ ಬರ್ತೀನಿ.’

ಮೇಲಿನವರಿಗೆ ಅವರು ಏನು ಹೇಳಿ ಒಪ್ಪಿಸಿದರೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ನಿವೃತ್ತಿಯ ದಿನದವರೆಗೂ ಬಾಯಿಂದಲೇ ಹೇಳಿದೆ. ಫಿಲ್ಮು ಬಣ್ಣ ತೋರಿಸುತ್ತಿತ್ತು, ನಾನು ಅಂಗಳದಲ್ಲಿ ಮಕ್ಕಳನ್ನು ಚದುರಿಸಿ ಗಂಟು ಕಟ್ಟಿಸುತ್ತಿದ್ದೆ. ಪ್ರತಿ ಶಾಲೆಯಲ್ಲೂ ಕೊನೆಗೆ ಆ ಒಂದು ವಾಕ್ಯ ಹೇಳಿ ಮುಗಿಸುತ್ತಿದ್ದೆ. ನೀವು ಹೊಸಬರು, ನಿಮ್ಮ ಆಟ ನಿಮ್ಮದು. ನನ್ನ ಪಂಪು, ನನ್ನ ಫುಗಡಿ, ನನ್ನ ಫರಸಿ ಬೇಕಾದರೆ ತೆಗೆದುಕೊಳ್ಳಿ, ಬೇಡವಾದರೆ ಬಿಡಿ, ನನ್ನ ಹೆಸರು ಹೇಳುವುದೇನೂ ಬೇಡ. ಆದರೆ ಚುಕ್ಕಿ ತನ್ನ ಭಾರಕ್ಕೆ ತಾನೇ ಹತ್ತಿದೆ ಎಂದು ಹೇಳುವಾಗ, ಅದನ್ನು ಹೇಳಿದವಳು ವಾಡಿಯ ರೇಣುಕಾ ಎಂದು ಹೇಳಲೇಬೇಕು.